ಓಡಿದವರ ಲೆಕ್ಕ

ದಾಖಲೆ ಎಂಬ ಶಬ್ದಕ್ಕೆ ನಮ್ಮ ಸಾಗರದ ಕಡೆ ಮೊದಲು ಹೊಳೆಯುವ ಅರ್ಥ ಜಮೀನಿನದು. ಪಹಣಿ, ಸರ್ವೆ ನಕ್ಷೆ, ಮುಳುಗಡೆಯವರ ಮನೆಗಳಲ್ಲಾದರೆ ಟ್ರಂಕಿನ ತಳದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಪರಿಹಾರದ ಕಾಗದ. ಹಾಗಾಗಿ ಎರಡು ಮಕ್ಕಳ ತಾಯಿಯಾದ ನಾನು "ನನ್ನ ದಾಖಲೆ ಮುರಿಯಬೇಕು ಅತ್ತೆ" ಎಂದಾಗ ಅವರು "ಯಾವ ಸರ್ವೆ ನಂಬರಿಂದು?" ಎಂದು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಓಟದ್ದು ಎಂದೆ. ಯಾರ ಜೊತೆಗೆ ಪಂದ್ಯ ಎಂದರು. ಯಾರ ಜೊತೆಗೂ ಅಲ್ಲ, ನಾನೇ ಹಿಂದೆ ಓಡಿದ್ದಕ್ಕಿಂತ ಬೇಗ ಓಡುವುದು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದರಿಂದ ಯಾರಿಗೆ ಎಂತ ಲಾಭ ಮಾರಾಯ್ತಿ?" ಎಂದರು.

ಈ ಪ್ರಶ್ನೆಗೆ ಉತ್ತರ ಕೊಡಲು ಆಗಲಿಲ್ಲ. ಈಗಲೂ ಪೂರ್ತಿಯಾಗಿ ಆಗುವುದಿಲ್ಲ. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಒಂದಿಷ್ಟು ಓದಿದೆ. ನಮಗಿಂತ ಮುಂಚೆ ಮಕ್ಕಳನ್ನು ಹೆತ್ತು, ಮತ್ತೆ ಓಡಿದ ಹೆಂಗಸರು ಯಾರಿದ್ದರು, ಅವರಿಗೆ ಜನ ಏನೆಂದರು, ಗಡಿಯಾರ ಏನೆಂದಿತು ಎಂದು. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳದೆ ಇರಲಾರೆ, ಏಕೆಂದರೆ ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಕೆಳದಿಯ ಚೆನ್ನಮ್ಮ ಕುದುರೆ ಏರಿದ್ದಳೇ ಹೊರತು ಹೆಂಗಸರು ಕಾಲಿನ ಮೇಲೆ ಓಡಿದ ಕಥೆ ಒಂದೂ ಇರಲಿಲ್ಲ.

ಮೊದಲ ಕಥೆ ೧೮೯೬ರದು. ಆಧುನಿಕ ಒಲಿಂಪಿಕ್ಸ್ ಅಥೆನ್ಸ್ ನಗರದಲ್ಲಿ ಶುರುವಾದ ವರ್ಷ. ಮ್ಯಾರಥಾನ್ ಎಂಬ ಹಳ್ಳಿಯಿಂದ ಅಥೆನ್ಸಿಗೆ ಸುಮಾರು ೪೦ ಕಿಲೋಮೀಟರ್ ಓಟ ಇಟ್ಟಿದ್ದರು, ಗಂಡಸರಿಗೆ ಮಾತ್ರ. ಸ್ತಮತಾ ರೆವಿಥಿ ಎಂಬ ಬಡ ಹೆಂಗಸು ಕೆಲಸ ಹುಡುಕಿಕೊಂಡು ಬಂದರಿನ ಊರಿನಿಂದ ಅಥೆನ್ಸಿಗೆ ನಡೆದು ಹೊರಟಿದ್ದಳು. ಮೂವತ್ತು ವಯಸ್ಸು. ಇಬ್ಬರು ಮಕ್ಕಳಲ್ಲಿ ಒಂದನ್ನು ಹಿಂದಿನ ವರ್ಷವಷ್ಟೇ ಕಳೆದುಕೊಂಡಿದ್ದಳು. ಹದಿನೇಳು ತಿಂಗಳ ಇನ್ನೊಂದು ಕೂಸು ಜೊತೆಗಿತ್ತು. ದಾರಿಯಲ್ಲಿ ಸಿಕ್ಕ ಒಬ್ಬ ಓಟಗಾರ ಅವಳ ಕಷ್ಟ ಕೇಳಿ ಕೈಗೆ ಸ್ವಲ್ಪ ಹಣ ಕೊಟ್ಟು, ನೀನೂ ಮ್ಯಾರಥಾನ್ ಓಡಿದರೆ ಹೆಸರು ಬಂದೀತು, ಹೆಸರಿನಿಂದ ಕೆಲಸವೂ ಸಿಕ್ಕೀತು ಎಂದನಂತೆ. ಅವನು ತಮಾಷೆಗೆ ಹೇಳಿದನೋ ನಿಜಕ್ಕೋ, ಅವಳು ಮಾತ್ರ ನಿಜವೆಂದೇ ಹಿಡಿದು ಮ್ಯಾರಥಾನ್ ಹಳ್ಳಿಗೆ ಹೋದಳು. ಅಲ್ಲಿನ ಪಾದ್ರಿ ಓಟಗಾರರನ್ನು ಆಶೀರ್ವದಿಸುವಾಗ ಇವಳನ್ನು ಬಿಟ್ಟನೆಂದು ಹೇಳುತ್ತಾರೆ. ಗಂಡಸರ ಜೊತೆ ಓಡಲು ಬಿಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಅವಳು ಒಬ್ಬಳೇ ಹೊರಟಳು. ಹೊರಡುವ ಮುಂಚೆ ಮಾಡಿದ ಕೆಲಸ ನನಗೆ ತುಂಬ ಇಷ್ಟ. ಊರಿನ ಮುಖ್ಯಸ್ಥ, ನ್ಯಾಯಾಧೀಶ, ಶಾಲೆಯ ಮೇಷ್ಟ್ರು ಈ ಮೂವರಿಂದ ಇಂಥ ಹೊತ್ತಿಗೆ ಹೊರಟಳು ಎಂದು ಕಾಗದದ ಮೇಲೆ ಸಹಿ ಹಾಕಿಸಿಕೊಂಡಳು. ಸುಮಾರು ಐದೂವರೆ ಗಂಟೆಯ ನಂತರ, ಮಧ್ಯಾಹ್ನ ಒಂದೂವರೆಗೆ, ಅಥೆನ್ಸ್ ಮುಟ್ಟಿದಳು. ಕ್ರೀಡಾಂಗಣದ ಒಳಗೆ ಬಿಡಲಿಲ್ಲ. ಅಲ್ಲಿಯೂ ಸಿಕ್ಕ ಅಧಿಕಾರಿಗಳಿಂದ ತಲುಪಿದ ಹೊತ್ತಿಗೆ ಸಹಿ ಕೇಳಿದಳು. ಆಮೇಲೆ ಅವಳೇನಾದಳು, ಕೆಲಸ ಸಿಕ್ಕಿತೇ, ಕೂಸು ಬೆಳೆಯಿತೇ, ಯಾವುದಕ್ಕೂ ದಾಖಲೆ ಉಳಿದಿಲ್ಲ. ಒಲಿಂಪಿಕ್ಸಿನ ಬಾಗಿಲಿನಲ್ಲಿ ನಿಂತ ಮೊದಲ ಮ್ಯಾರಥಾನ್ ಹೆಂಗಸು ಒಬ್ಬ ತಾಯಿ ಎಂಬುದನ್ನು ನಾವು ಹೆಚ್ಚು ಜನ ಕೇಳಿಯೇ ಇಲ್ಲ.

ನಮ್ಮ ಕಡೆಯ ಬಾಣಂತನ ನಿಮಗೆ ಗೊತ್ತೇ ಇದೆ. ಕತ್ತಲೆ ಕೋಣೆ, ಅಗ್ಗಿಷ್ಟಿಕೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಹಳೆಯ ಸೀರೆಯ ಬಿಗಿ ಕಟ್ಟು, ಕಾಳುಮೆಣಸಿನ ಸಾರು. ನನ್ನ ಎರಡೂ ಬಾಣಂತನ ತೀರ್ಥಹಳ್ಳಿ ಕಡೆಯ ತವರಿನಲ್ಲಿ ಆಯಿತು. ಮಗಳು ೨೦೧೩ರಲ್ಲಿ, ಮಗ ೨೦೧೬ರಲ್ಲಿ. ಎರಡನೆಯ ಸಲ ಹೊರಗೆ ಮಳೆ ಹಿಡಿದು ಹೊಡೆಯುತ್ತಿತ್ತು. ನಾನು ಕಿಟಕಿಯ ಸಂದಿಯಿಂದ ಅಂಗಳದ ನೀರು ನೋಡುತ್ತಾ ಕಾಲು ಆಡಿಸುತ್ತಿದ್ದೆ. "ಕಾಲು ಆಡಿಸಬೇಡ ಕೂಸೇ, ವಾಯು ಆಗುತ್ತದೆ" ಎಂದು ಅಜ್ಜಿ. ಓಡುವ ಮಾತನ್ನು ಬಾಯಿ ತಪ್ಪಿ ಆಡಿದಾಗ ನೆರೆಮನೆಯ ಹಿರಿಯಾಕೆ ಧ್ವನಿ ತಗ್ಗಿಸಿ, ಗಂಡಸರು ಇಲ್ಲದ್ದನ್ನು ನೋಡಿಕೊಂಡು, "ಗರ್ಭಕೋಶ ಜಾರುತ್ತದೆ" ಎಂದರು.

ಈ ಮಾತು ನಮ್ಮ ಮಲೆನಾಡಿನ ಮುದುಕಿಯರದ್ದು ಎಂದೇ ನಂಬಿದ್ದೆ. ಓದುತ್ತಾ ಹೋದಾಗ ಇದನ್ನೇ ಸೂಟು ಹಾಕಿದ ಯುರೋಪಿನ, ಅಮೆರಿಕದ ಗಂಡಸರು, ಅವರಲ್ಲಿ ಡಾಕ್ಟರುಗಳೂ ಸೇರಿ, ಎಪ್ಪತ್ತು ಎಂಬತ್ತು ವರ್ಷ ಹೇಳಿಕೊಂಡು ಬಂದರು ಎಂದು ತಿಳಿದು ನಗು ಬಂತು. ನಮ್ಮ ಹಿರಿಯಾಕೆ ಒಬ್ಬಳ ಕಿವಿಯಲ್ಲಿ ಹೇಳಿದರು. ಅವರು ಅದನ್ನು ನಿಯಮವನ್ನಾಗಿ ಮಾಡಿ ಇಡೀ ಜಗತ್ತಿನ ಹೆಂಗಸರನ್ನು ಕೂರಿಸಿಬಿಟ್ಟರು.

ಕೂರಿಸಿದ್ದು ಹೇಗೆ ಎಂದರೆ, ೧೯೨೮ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಹೆಂಗಸರಿಗೆ ೮೦೦ ಮೀಟರ್ ಓಟ ಇಟ್ಟರು. ಜರ್ಮನಿಯ ಲೀನಾ ರಾಡ್ಕೆ ೨ ನಿಮಿಷ ೧೬.೮ ಸೆಕೆಂಡಿನಲ್ಲಿ ಗೆದ್ದಳು, ವಿಶ್ವದಾಖಲೆ. ಎರಡನೆಯವಳು ಜಪಾನಿನ ಕಿನುಯೆ ಹಿತೋಮಿ, ಮೂರನೆಯವಳು ಸ್ವೀಡನ್ನಿನವಳು. ಮೂವರೂ ಹಳೆಯ ದಾಖಲೆಗಿಂತ ಮುಂದೆ. ಆದರೆ ಪತ್ರಿಕೆಗಳಲ್ಲಿ ಬಂದದ್ದು ಬೇರೆ. ಹನ್ನೊಂದು ಜನ ಓಡಿದರು, ಐವರು ಅರ್ಧಕ್ಕೆ ನಿಂತರು, ಉಳಿದವರು ಕುಸಿದು ಬಿದ್ದರು ಎಂದೆಲ್ಲ ಬರೆದರು. ಓಡಿದ್ದು ಒಂಬತ್ತು ಜನ, ಮುಗಿಸಿದ್ದೂ ಒಂಬತ್ತು ಜನ. ಓಟ ಮುಗಿಸಿ ಒಬ್ಬಿಬ್ಬರು ಹುಲ್ಲಿನ ಮೇಲೆ ಬಿದ್ದುಕೊಂಡಿದ್ದು ನಿಜ. ಗಂಡಸರೂ ಹಾಗೆ ಬೀಳುತ್ತಾರೆ. ಅವರು ಬಿದ್ದರೆ ಶೌರ್ಯ, ಇವರು ಬಿದ್ದರೆ ಗರ್ಭಕೋಶ. ಅಲ್ಲಿಂದ ೧೯೬೦ರವರೆಗೆ, ಮೂವತ್ತೆರಡು ವರ್ಷ, ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ೨೦೦ ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. ಇನ್ನೂರು ಮೀಟರ್ ಎಂದರೆ ನಮ್ಮಲ್ಲಿ ಅಡುಗೆಮನೆಯಿಂದ ಕೊಟ್ಟಿಗೆಗೆ ಬೆಳಗಿನ ನಾಲ್ಕು ಓಡಾಟ. (ಅಂದ ಹಾಗೆ ಆ ಹಿತೋಮಿ, ೮೦೦ ಮೀಟರಿಗೆ ಹೊಸಬಳಾಗಿದ್ದೂ ಬೆಳ್ಳಿ ಗೆದ್ದವಳು, ಮೂರೇ ವರ್ಷಕ್ಕೆ, ೨೪ನೇ ವಯಸ್ಸಿಗೆ, ತೀರಿಕೊಂಡಳು. ಅವಳದ್ದೇ ಒಂದು ಪುಸ್ತಕವಾಗುವಷ್ಟು ಕಥೆ.)

ಈ ನಿಷೇಧದ ನಡುವೆಯೇ ಬಂದವಳು ಹಾಲೆಂಡಿನ ಫ್ಯಾನಿ ಬ್ಲಾಂಕರ್ಸ್ ಕೂನ್. ಓಡಿದ್ದು ಚಿಕ್ಕ ದೂರವೇ, ಆದರೂ ಅವಳನ್ನು ಬಿಟ್ಟು ತಾಯಂದಿರ ಓಟದ ಚರಿತ್ರೆ ಬರೆಯಲು ಬರುವುದಿಲ್ಲ. ಅವಳ ಒಳ್ಳೆಯ ವಯಸ್ಸನ್ನೆಲ್ಲ ಯುದ್ಧ ತಿಂದಿತ್ತು. ೧೯೪೬ರ ಆರಂಭದಲ್ಲಿ ಎರಡನೆಯ ಮಗು. ಆ ವರ್ಷದ ಆಗಸ್ಟಿನಲ್ಲೇ ಓಸ್ಲೋದಲ್ಲಿ ಯುರೋಪಿನ ಹರ್ಡಲ್ಸ್ ಪ್ರಶಸ್ತಿ. ೧೯೪೮ರ ಲಂಡನ್ ಒಲಿಂಪಿಕ್ಸಿಗೆ ಹೊರಟಾಗ ಮೂವತ್ತು ವರ್ಷ. ವಯಸ್ಸಾಯಿತು, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಬಾರದೇ ಎಂದು ಪತ್ರ ಬರೆದವರಿದ್ದರು. ಎರಡು ಚಿನ್ನ ಗೆದ್ದ ಮೇಲೆ ಮಕ್ಕಳ ನೆನಪಾಗಿ ಅತ್ತು, ಸಾಕು, ಊರಿಗೆ ಹೋಗುತ್ತೇನೆ ಎಂದಳಂತೆ. ಗಂಡನೇ ಅವಳ ತರಬೇತುದಾರ. ಸಮಾಧಾನ ಹೇಳಿ ನಿಲ್ಲಿಸಿದ. ಒಟ್ಟು ನಾಲ್ಕು ಚಿನ್ನ. ಪತ್ರಿಕೆಯವರು ಅವಳಿಗೆ 'ಹಾರುವ ಗೃಹಿಣಿ' ಎಂದು ಹೆಸರಿಟ್ಟರು. ಓಡುವ ಗಂಡಸು ಎರಡು ಮಕ್ಕಳ ತಂದೆಯಾಗಿದ್ದರೆ 'ಹಾರುವ ಯಜಮಾನ' ಎಂದು ಯಾರೂ ಕರೆದದ್ದು ನಾನು ಕಾಣೆ. ಊರಿಗೆ ಬಂದಾಗ ಬಿಳಿ ಕುದುರೆಗಳ ಸಾರೋಟಿನಲ್ಲಿ ಮೆರವಣಿಗೆ ಮಾಡಿ, ಉಡುಗೊರೆಯಾಗಿ ಒಂದು ಸೈಕಲ್ ಕೊಟ್ಟರಂತೆ.

ದೂರದ ಓಟದ ಬಾಗಿಲು ತೆರೆದದ್ದು ಅಮೆರಿಕದಲ್ಲಿ, ೧೯೬೦ರ ದಶಕದ ಕೊನೆಗೆ. ೧೯೬೭ರಲ್ಲಿ ಬಾಸ್ಟನ್ ಮ್ಯಾರಥಾನಿಗೆ ಕ್ಯಾಥರೀನ್ ಸ್ವಿಟ್ಜರ್ ಇನಿಷಿಯಲ್ ಮಾತ್ರ ಬರೆದು ಹೆಸರು ಕೊಟ್ಟಿದ್ದಳು. ಓಡುತ್ತಿರುವವಳು ಹೆಂಗಸು ಎಂದು ಗೊತ್ತಾಗಿ ಸಂಘಟಕನೊಬ್ಬ ರಸ್ತೆಗಿಳಿದು ಅವಳ ನಂಬರ್ ಚೀಟಿ ಕಿತ್ತುಕೊಳ್ಳಲು ಹೋದ ಚಿತ್ರ ನೀವು ಎಲ್ಲಾದರೂ ನೋಡಿರಬಹುದು. ಅಷ್ಟು ಪ್ರಸಿದ್ಧವಲ್ಲದ ಹೆಸರು ನೀನಾ ಕುಸ್ಚಿಕ್. ಮೂರು ಮಕ್ಕಳ ತಾಯಿ. ೧೯೭೨ರಲ್ಲಿ ಬಾಸ್ಟನ್ ಮೊದಲ ಬಾರಿಗೆ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡಾಗ ಹೊರಟವರು ಎಂಟು ಜನ, ಎಂಟೂ ಜನ ಮುಗಿಸಿದರು, ಮೊದಲು ಬಂದವಳು ಇವಳು, ೩ ಗಂಟೆ ೧೦ ನಿಮಿಷ ೨೬ ಸೆಕೆಂಡು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಹೆಂಗಸರು ಗಂಡಸರಿಗಿಂತ ಹತ್ತು ನಿಮಿಷ ಮೊದಲು, ಬೇರೆಯಾಗಿ ಹೊರಡಬೇಕು ಎಂದು ನಿಯಮ ಮಾಡಿದರು. ಗುಂಡಿನ ಸದ್ದಾದಾಗ ಆರು ಜನ ಹೆಂಗಸರು ಓಡುವ ಬದಲು ರಸ್ತೆಯ ಮೇಲೆ ಕೂತುಬಿಟ್ಟರು. ಹತ್ತು ನಿಮಿಷ ಕೂತು, ಗಂಡಸರ ಗುಂಡು ಹಾರಿದಾಗ ಎದ್ದು ಓಡಿದರು. ಅವರ ಸಮಯಕ್ಕೆ ಆ ಹತ್ತು ನಿಮಿಷವನ್ನೂ ಸೇರಿಸಲಾಯಿತು. ಆ ಓಟವನ್ನೂ ಗೆದ್ದವಳು ನೀನಾ. ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದನ್ನು ಕೇಳಿ ಬೆಳೆದ ನನಗೆ, ಕೂರುವುದೂ ಒಂದು ಓಟವೇ ಎಂಬುದು ಬೇಗ ಅರ್ಥವಾಯಿತು.

ನನಗೆ ಬೇಕಾಗಿದ್ದ ನಿಜವಾದ ಪ್ರಶ್ನೆಗೆ ಇವರ್ಯಾರೂ ಉತ್ತರವಲ್ಲ. ಓಡಲು ಬಿಟ್ಟರು, ಸರಿ. ಆದರೆ ಹೆತ್ತ ಮೇಲೆ, ಹೆರುವ ಮೊದಲಿಗಿಂತ ಬೇಗ ಓಡಲು ಆಗುತ್ತದೆಯೇ? ಮೊದಲ ಉತ್ತರ ಮಿಕಿ ಗೋರ್ಮನ್. ಜಪಾನ್ ಮೂಲದವಳು, ಅಮೆರಿಕದಲ್ಲಿದ್ದಳು. ೧೯೭೫ರಲ್ಲಿ, ೩೯ನೇ ವಯಸ್ಸಿಗೆ, ಮಗಳನ್ನು ಹೆತ್ತಳು. ೧೯೭೬ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ೨ ಗಂಟೆ ೩೯ ನಿಮಿಷ ೧೧ ಸೆಕೆಂಡಿನಲ್ಲಿ ಗೆದ್ದಳು. ಅದು ಅವಳ ಜೀವನದ ಅತಿ ಒಳ್ಳೆಯ ಸಮಯ, ನಲವತ್ತೊಂದನೇ ವಯಸ್ಸಿಗೆ.

ಎರಡನೆಯ ಉತ್ತರ ನಾರ್ವೆಯ ಇಂಗ್ರಿಡ್ ಕ್ರಿಸ್ಟಿಯಾನ್ಸನ್. ಇವಳ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ೧೯೮೩ರ ಮಾರ್ಚಿನಲ್ಲಿ ವಿಶ್ವ ಕ್ರಾಸ್‌ಕಂಟ್ರಿ ಓಟದಲ್ಲಿ ತೀರಾ ಹಿಂದೆ ಬಿದ್ದಳು. ಏನಾಗಿದೆ ಎಂದು ಯಾರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಆಮೇಲೆ ನೋಡಿದರೆ ಬಸುರಿ, ಅದೂ ಕೆಲವು ತಿಂಗಳೇ ಕಳೆದಿದೆ. ಆಗಸ್ಟಿನಲ್ಲಿ ಗಂಡು ಮಗು. ನಾರ್ವೆಯ ಚಳಿಗಾಲ ಎಂದರೆ ಹೊರಗೆ ಹಿಮ, ಕತ್ತಲೆ. ಅವಳು ಮನೆಯೊಳಗೇ ಓಡುವ ಯಂತ್ರ ಇಟ್ಟುಕೊಂಡು, ಮಗು ಪಕ್ಕದಲ್ಲಿರುವಾಗ ಓಡಿದಳು. ಹೆತ್ತು ಐದು ತಿಂಗಳಿಗೆ, ೧೯೮೪ರ ಜನವರಿಯಲ್ಲಿ, ಹ್ಯೂಸ್ಟನ್ ಮ್ಯಾರಥಾನನ್ನು ೨ ಗಂಟೆ ೨೭ ನಿಮಿಷ ೫೧ ಸೆಕೆಂಡಿನಲ್ಲಿ ಗೆದ್ದಳು. ಮೇ ತಿಂಗಳಲ್ಲಿ ಲಂಡನ್, ೨ ಗಂಟೆ ೨೪ ನಿಮಿಷ ೨೬ ಸೆಕೆಂಡು. ಆ ವರ್ಷ ಲಾಸ್ ಏಂಜಲೀಸಿನಲ್ಲಿ ಹೆಂಗಸರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಸ್ತಮತಾ ರೆವಿಥಿಯನ್ನು ಹೊರಗೆ ನಿಲ್ಲಿಸಿ ೮೮ ವರ್ಷದ ನಂತರ! ಗೆದ್ದವಳು ಅಮೆರಿಕದ ಜೋನ್ ಬೆನಾಯ್ಟ್, ಇಂಗ್ರಿಡ್ ನಾಲ್ಕನೆಯವಳು. ಮಾರನೆಯ ವರ್ಷ, ೧೯೮೫ರ ಏಪ್ರಿಲಿನಲ್ಲಿ, ಲಂಡನ್ನಿನಲ್ಲಿ ಅವಳು ಓಡಿದ ೨ ಗಂಟೆ ೨೧ ನಿಮಿಷ ೬ ಸೆಕೆಂಡನ್ನು ೧೯೯೮ರವರೆಗೆ, ಹದಿಮೂರು ವರ್ಷ, ಜಗತ್ತಿನ ಯಾವ ಹೆಂಗಸೂ ಮುಟ್ಟಲಿಲ್ಲ. ಯಂತ್ರದ ಪಕ್ಕದಲ್ಲಿ ಕೂಸು ಅತ್ತಾಗ ಅವಳು ಯಂತ್ರ ನಿಲ್ಲಿಸಿದಳೋ, ಓಡುತ್ತಲೇ ಲಾಲಿ ಹೇಳಿದಳೋ ಎಂದು ನಾನು ಯೋಚಿಸುತ್ತಾ ಮಲಗಿದ್ದೆ.

ಇದೆಲ್ಲ ಬಿಳಿಯರ ದೇಶದ ಮಾತು, ಸೆಗಣಿ ಬಾಚುವವರಿಗೆ ಅಲ್ಲ ಎನ್ನುವಿರೇನೋ. ನಮ್ಮ ಪಕ್ಕದ ಕೇರಳದವರೇ ಇದ್ದಾರಲ್ಲ. ಪಿ. ಟಿ. ಉಷಾ ೧೯೮೪ರಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಕಳೆದುಕೊಂಡದ್ದು ಎಲ್ಲರಿಗೂ ಬಾಯಿಪಾಠ. ಮಗ ಹುಟ್ಟಿದ ಮೇಲೆ ಮತ್ತೆ ಬಂದು ೧೯೯೮ರಲ್ಲಿ, ೩೪ನೇ ವಯಸ್ಸಿಗೆ, ಜಪಾನಿನ ಫುಕುವೋಕಾದ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಪದಕಗಳನ್ನು ಗೆದ್ದದ್ದು ಎಷ್ಟು ಜನರಿಗೆ ನೆನಪಿದೆ? ಶೈನಿ ವಿಲ್ಸನ್ ಇನ್ನೂ ಹತ್ತಿರದ ಉದಾಹರಣೆ. ಮೊದಲ ಮಗುವಿನ ನಂತರ ಮೈದಾನಕ್ಕೆ ಮರಳಿ, ೧೯೯೫ರಲ್ಲಿ ಮದ್ರಾಸಿನ ಸ್ಯಾಫ್ ಕ್ರೀಡಾಕೂಟದಲ್ಲಿ ೮೦೦ ಮೀಟರನ್ನು ೧ ನಿಮಿಷ ೫೯.೮೫ ಸೆಕೆಂಡಿನಲ್ಲಿ ಓಡಿದಳು. ತನ್ನ ಜೀವನದಲ್ಲೇ ಅಷ್ಟು ಬೇಗ ಓಡಿರಲಿಲ್ಲ. ಆ ರಾಷ್ಟ್ರೀಯ ದಾಖಲೆ ೨೦೧೦ರವರೆಗೆ, ಹದಿನೈದು ವರ್ಷ, ಉಳಿಯಿತು. ಮುರಿದವಳು ಉಷಾ ಅವರ ಶಿಷ್ಯೆ ಟಿಂಟು ಲೂಕಾ.

ನಮ್ಮ ಮಲೆನಾಡಿನಲ್ಲಿ ಹಾಗೆ ಬರೆದಿಟ್ಟ ಹೆಸರುಗಳಿಲ್ಲ. ಆದರೆ ನನ್ನದೇ ಹಿಂದಿನದನ್ನು ನಾನೇ ಮೀರಬೇಕು ಎಂಬ ಹಟ ನಮಗೆ ಹೊಸದೇ? ಅಡಿಕೆ ಸುಗ್ಗಿಯನ್ನು ನೆನಪಿಸಿಕೊಳ್ಳಿ. ರಾತ್ರಿ ಊಟವಾದ ಮೇಲೆ ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವುದು. ಕೂಲಿ ಡಬ್ಬದ ಲೆಕ್ಕ. ನಮ್ಮ ತವರಿಗೆ ಸುಲಿಯಲು ಬರುತ್ತಿದ್ದವರಲ್ಲಿ ಒಬ್ಬರಿದ್ದರು, ನಾವು ಅಕ್ಕ ಎಂದೇ ಕರೆಯುತ್ತಿದ್ದೆವು. ಪಕ್ಕದಲ್ಲಿ ಕೂತವರು ಎಷ್ಟು ಸುಲಿದರು ಎಂದು ಅವರು ತಿರುಗಿಯೂ ನೋಡುತ್ತಿರಲಿಲ್ಲ. "ಹೋದ ವರ್ಷ ಈ ಹೊತ್ತಿಗೆ ನಂದು ನಾಲ್ಕನೇ ಡಬ್ಬ ತುಂಬಿತ್ತು" ಎನ್ನುತ್ತಿದ್ದರು, ತಮಗೇ ಎಂಬಂತೆ. ಒಂದು ವರ್ಷ ಮೂರು ತಿಂಗಳ ಕೂಸನ್ನು ಜೋಲಿಯಲ್ಲಿ ಹಾಕಿ, ಜೋಲಿಯ ಹಗ್ಗ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಸುಲಿದರು. ಆ ಸುಗ್ಗಿಯಲ್ಲಿ ಹಿಂದಿನ ಲೆಕ್ಕ ಮುಟ್ಟಲಿಲ್ಲ. ಅದರ ಮಾರನೆಯ ಸುಗ್ಗಿಯಲ್ಲಿ ಮುಟ್ಟಿ ದಾಟಿದರು. ಕೂಲಿ ಹೆಚ್ಚು ಬಂತು ಎಂಬುದಕ್ಕಿಂತ ಹೆಚ್ಚಿನದೇನೋ ಆ ರಾತ್ರಿ ಅವರ ಮುಖದಲ್ಲಿತ್ತು. ಈಗ ಸುಲಿಯುವ ಯಂತ್ರ ಬಂದಿದೆ, ಆ ಸಾಲು ಇಲ್ಲ.

ನಡೆದವರ ಲೆಕ್ಕವೂ ಹೀಗೇ ಕಳೆದುಹೋಗಿದೆ. ನನ್ನ ಗಂಡನ ಅಜ್ಜಿಯ ಮನೆ ಶರಾವತಿಯ ಆಚೆ ದಡದಲ್ಲಿತ್ತು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ, ಮನೆ, ನಡೆದ ದಾರಿ ಎಲ್ಲ ಕೆಳಗೆ ಹೋಯಿತು. ಅಜ್ಜಿ ಸೊಂಟದಲ್ಲಿ ಕೂಸು, ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಸಾಗರದ ಮಾರಿಜಾತ್ರೆಗೆ ನಸುಕಿನಲ್ಲಿ ಹೊರಟು ಕತ್ತಲಾಗುವುದರೊಳಗೆ ತಲುಪುತ್ತಿದ್ದರಂತೆ. ಎಷ್ಟು ಮೈಲಿ ಎಂದು ಕೇಳಿದರೆ, "ಎರಡು ಸಲ ಕೂಸಿಗೆ ಹಾಲು ಕುಡಿಸುವಷ್ಟು ದೂರ" ಎನ್ನುತ್ತಿದ್ದರು. ೨೦೨೫ರ ಜುಲೈನಲ್ಲಿ ಸಿಗಂದೂರಿಗೆ ಹೋಗುವ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದ. ಕಾರಿನಲ್ಲಿ ದಾಟುವಾಗ ಅಜ್ಜಿಯ ದಾರಿ ನಮ್ಮ ಕೆಳಗೆ ಎಲ್ಲೋ ಇದೆ ಎಂದುಕೊಂಡೆ.

ಇನ್ನು ಶರೀರದ ಮಾತು. ಓಡಿದರೆ ಗರ್ಭಕೋಶ ಜಾರುವುದಿಲ್ಲ. ಆದರೆ ಹಿರಿಯರು ಹೇಳಿದ್ದೆಲ್ಲ ಸುಳ್ಳು ಎಂದು ಎದ್ದು ಓಡುವುದೂ ಸಲ್ಲದು. ಹೆರಿಗೆಯಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಎಳೆದು ಸಡಿಲವಾಗಿರುತ್ತವೆ. ಅವು ಬಿಗಿಯಾಗುವ ಮೊದಲೇ ಓಡಿದರೆ ಕೆಮ್ಮಿದಾಗ, ಸೀನಿದಾಗ ಮೂತ್ರ ಜಿನುಗುವ ತೊಂದರೆ ಹೆಚ್ಚುತ್ತದೆ. ಇದನ್ನು ನಮ್ಮಲ್ಲಿ ಎಷ್ಟೋ ಹೆಂಗಸರು ಜೀವಮಾನವಿಡೀ ಬಾಯಿಬಿಡದೆ ಸಹಿಸುತ್ತಾರೆ. ೨೦೧೯ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟರು ಒಂದು ಮಾರ್ಗಸೂಚಿ ಬರೆದರು. ಹೆತ್ತು ಮೂರು ತಿಂಗಳ ಒಳಗೆ ಓಟ ಬೇಡ, ಆಮೇಲೂ ಆ ಸ್ನಾಯುಗಳನ್ನು ಪರೀಕ್ಷಿಸಿಕೊಂಡು, ನಡಿಗೆಯಿಂದ ನಿಧಾನಕ್ಕೆ ಶುರುಮಾಡಿ ಎಂದು. ಮೂರು ತಿಂಗಳು! ನಮ್ಮ ಅಜ್ಜಿಯ ಬಾಣಂತನದ ಲೆಕ್ಕವೂ ಅದೇ. ಅವರ ಲೆಕ್ಕ ಸರಿ, ಕೊಡುತ್ತಿದ್ದ ಕಾರಣ ಬೇರೆ. ಇದರ ಜೊತೆಗೆ ರಕ್ತಹೀನತೆ. ನನ್ನ ಹಿಮೋಗ್ಲೋಬಿನ್ ಮಗನಾದ ಮೇಲೆ ಒಂಬತ್ತಕ್ಕೆ ಇಳಿದಿತ್ತು. ಅದು ಹನ್ನೆರಡಕ್ಕೆ ಬರುವವರೆಗೆ ಗಣಪತಿ ಕೆರೆಯ ಬದಿಯಲ್ಲಿ ಬರೀ ನಡೆದೆ.

ಹೆತ್ತರೆ ಓಟ ಚುರುಕಾಗುತ್ತದೆ ಎಂದು ಹೇಳುವವರೂ ಇದ್ದಾರೆ. ನನಗೆ ನಂಬಿಕೆಯಿಲ್ಲ. ನಿದ್ದೆ ಕೆಟ್ಟವಳು ಚುರುಕಾಗುವುದು ಹೇಗೆ? ಕೆನ್ಯಾದ ಫೇತ್ ಕಿಪ್ಯೆಗಾನ್ ೨೦೧೮ರಲ್ಲಿ ಮಗಳನ್ನು ಹೆತ್ತು, ೨೦೨೩ರಲ್ಲಿ ೧೫೦೦ ಮೀಟರಿನ ವಿಶ್ವದಾಖಲೆಯನ್ನು ೩ ನಿಮಿಷ ೪೯.೧೧ ಸೆಕೆಂಡಿಗೆ ಇಳಿಸಿದಳು. ಮತ್ತೆ ೨೦೨೪ರಲ್ಲಿ, ಮತ್ತೆ ೨೦೨೫ರಲ್ಲಿ ೩ ನಿಮಿಷ ೪೮.೬೮ಕ್ಕೆ. ಅವಳಿಗೆ ಶಿಬಿರವಿದೆ, ತರಬೇತುದಾರನಿದ್ದಾನೆ, ಮಗುವನ್ನು ನೋಡಿಕೊಳ್ಳುವವರಿದ್ದಾರೆ. ಅಮೆರಿಕದ ಆಲಿಸನ್ ಫೆಲಿಕ್ಸ್‌ನಂಥ ದೊಡ್ಡ ಓಟಗಾರ್ತಿಯೇ ೨೦೧೯ರಲ್ಲಿ, ಬಸುರಾದರೆ ಪ್ರಾಯೋಜಕರು ಹಣ ಕಡಿಮೆ ಮಾಡುತ್ತಾರೆ ಎಂದು ಪತ್ರಿಕೆಯಲ್ಲಿ ಬರೆಯಬೇಕಾಯಿತು. ಆಮೇಲೆ ಆ ಕಂಪನಿ ನಿಯಮ ಬದಲಿಸಿತು. ನನ್ನನ್ನು ಕೇಳಿದರೆ, ತಾಯಿ ಬೇಗ ಓಡಲು ಬೇಕಾದದ್ದು ಮಗುವನ್ನು ಹಿಡಿದುಕೊಳ್ಳುವ ಇನ್ನೊಂದು ಜೋಡಿ ಕೈ. ೨೦೧೯ರಲ್ಲೇ ಬ್ರಿಟನ್ನಿನ ಜಾಸ್ಮಿನ್ ಪ್ಯಾರಿಸ್ ಬೆಟ್ಟಗಳ ಮೇಲೆ ಚಳಿಗಾಲದಲ್ಲಿ ಸುಮಾರು ೪೩೦ ಕಿಲೋಮೀಟರನ್ನು ೮೩ ಗಂಟೆ ೧೨ ನಿಮಿಷದಲ್ಲಿ ಓಡಿ, ಗಂಡಸರನ್ನೂ ಸೇರಿಸಿ ಎಲ್ಲರ ದಾಖಲೆ ಮುರಿದಳು. ದಾರಿಯ ತಂಗುದಾಣಗಳಲ್ಲಿ ನಿಂತು ಎದೆಹಾಲು ಹಿಂಡುತ್ತಿದ್ದಳು. ಮಗಳಿಗೆ ಆಗ ಹದಿನಾಲ್ಕು ತಿಂಗಳು. ಇದನ್ನು ಅತ್ತೆಗೆ ಓದಿ ಹೇಳಿದೆ. ಅವರು ಓಟದ ಬಗ್ಗೆ ಏನೂ ಕೇಳಲಿಲ್ಲ. "ಅಷ್ಟು ಹೊತ್ತು ಕೂಸು ಯಾರ ಹತ್ತಿರ ಇತ್ತು?" ಎಂದರು. ಸರಿಯಾದ ಪ್ರಶ್ನೆ.

ನನ್ನ ಲೆಕ್ಕ ಇಷ್ಟು. ಮದುವೆಯಾದ ಹೊಸತರಲ್ಲಿ, ೨೦೧೧ರಲ್ಲಿ, ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ ೫೮ ನಿಮಿಷ ೪೦ ಸೆಕೆಂಡು. ದೊಡ್ಡ ಸಮಯವೇನಲ್ಲ. ಗೆಲ್ಲುವ ಹೆಂಗಸರು ಅದರ ಅರ್ಧ ಹೊತ್ತಿಗೆ ಸ್ವಲ್ಪವಷ್ಟೇ ಮೇಲೆ ತೆಗೆದುಕೊಳ್ಳುತ್ತಾರೆ. ಆದರೆ ಅದು ನನ್ನದು. ಮಗನಿಗೆ ಮೂರು ವರ್ಷವಾದ ಮೇಲೆ ಮತ್ತೆ ಶುರುಮಾಡಿದೆ. ನಮ್ಮೂರಿನಲ್ಲಿ ಹೆಂಗಸು ಬೆಳಿಗ್ಗೆ ರಸ್ತೆಯಲ್ಲಿ ಓಡಿದರೆ ಜನ ಹೆದರುತ್ತಾರೆ. "ಎಂತಾಯ್ತು? ಬಸ್ ತಪ್ಪಿತಾ?" ಎಂದು ಸ್ಕೂಟರ್ ನಿಲ್ಲಿಸಿ ಕೇಳಿದವರಿದ್ದಾರೆ. ಆಸ್ಪತ್ರೆಗೆ ಬಿಡಬೇಕಾ ಎಂದ ಪುಣ್ಯಾತ್ಮರೂ ಇದ್ದಾರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ, ಕೊಡೆ ಹಿಡಿದು ಓಡಲು ಬರುವುದಿಲ್ಲ. ಡಿಸೆಂಬರ್ ಕಳೆದರೆ ಮಂಗನ ಕಾಯಿಲೆಯ ಹೆದರಿಕೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ೧೯೫೭ರಲ್ಲಿ ಗೊತ್ತಾದ ಈ ರೋಗ ೨೦೧೮-೧೯ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನೇ ತೆಗೆದುಕೊಂಡಿತು. ಉಣುಗಿನ ಭಯಕ್ಕೆ ಕಾಡಿನ ತಂಪು ದಾರಿ ಬಿಟ್ಟು ಡಾಂಬರು ರಸ್ತೆಯೇ ಗತಿ. ಮನೆಯಲ್ಲಿ ಐದೂವರೆಗೆ ಹೊರಟು ಆರೂಮುಕ್ಕಾಲಿಗೆ ಬಂದು ಮಕ್ಕಳ ಡಬ್ಬಿ ತುಂಬಬೇಕು. ಆ ಒಂದೂಕಾಲು ಗಂಟೆ ಒಲೆಯ ಮುಂದೆ ನಿಂತದ್ದು ಅತ್ತೆ. ಲಾಭವೇನು ಎಂದು ಕೇಳಿದವರೇ.

೨೦೨೪ರ ಏಪ್ರಿಲಿನಲ್ಲಿ ಮತ್ತೆ ಬೆಂಗಳೂರಿನಲ್ಲಿ ಓಡಿದೆ. ಸಾವಿರಾರು ಜನ, ಬಿಸಿಲು, ಮೊದಲ ಎರಡು ಕಿಲೋಮೀಟರ್ ಜನರ ಬೆನ್ನು ನೋಡುವುದರಲ್ಲೇ ಹೋಯಿತು. ೫೯ ನಿಮಿಷ ೧೮ ಸೆಕೆಂಡು. ಮೂವತ್ತೆಂಟು ಸೆಕೆಂಡು ಕಡಿಮೆ ಬಿತ್ತು. ರಾತ್ರಿ ರೈಲಿನಲ್ಲಿ ಸಾಗರಕ್ಕೆ ಬರುವಾಗ ಮೇಲಿನ ಬರ್ತಿನಲ್ಲಿ ಮಲಗಿ, ಆ ಮೂವತ್ತೆಂಟು ಸೆಕೆಂಡು ಎಲ್ಲಿ ಹೋಯಿತು ಎಂದು ಹುಡುಕಿದೆ. ಮಗಳ ನ್ಯುಮೋನಿಯಾದ ಹನ್ನೊಂದು ರಾತ್ರಿ, ಮಗ ಹೊಟ್ಟೆಯಲ್ಲಿದ್ದಾಗ ಏರಿ ಇಳಿಯದೆ ಉಳಿದ ನಾಲ್ಕು ಕಿಲೋ ತೂಕ, ಹದಿಮೂರು ವರ್ಷದ ವಯಸ್ಸು. ಇಷ್ಟೆಲ್ಲ ಸೇರಿ ಬರೀ ಮ‍ೂವತ್ತೆಂಟು ಸೆಕೆಂಡೇ ಎಂದು ಶಿವಮೊಗ್ಗ ದಾಟುವಾಗ ಅನಿಸಿತು.

೨೦೨೫ರ ಜನವರಿಯ ಒಂದು ಬೆಳಿಗ್ಗೆ ಇಕ್ಕೇರಿ ರಸ್ತೆಯಲ್ಲಿ ಒಬ್ಬಳೇ ಓಡಿದೆ. ದಾರಿಯ ಬದಿಯ ಹಾಲಿನ ಡೈರಿಯಿಂದ ಹೊರಟು ಐದು ಕಿಲೋಮೀಟರ್ ಹೋಗಿ, ಅಲ್ಲಿಂದ ತಿರುಗಿ ಮತ್ತೆ ಡೈರಿಗೆ. ದೂರವನ್ನು ಹಿಂದಿನ ದಿನ ನಮ್ಮನೆಯವರು ಸ್ಕೂಟರಿನಲ್ಲೂ ಮೊಬೈಲಿನಲ್ಲೂ ಅಳೆದು, ತಿರುಗುವ ಜಾಗದ ಮೋರಿಗೆ ಸುಣ್ಣ ಬಳಿದಿದ್ದರು. ದಟ್ಟ ಮಂಜು. ನಾಯಿಗಳು ಎದ್ದಿರಲಿಲ್ಲ. ಡೈರಿಯ ಕಾರ್ಯದರ್ಶಿಗೆ, ನಾನು ಹೊರಟ ಹೊತ್ತು ಬಂದ ಹೊತ್ತು ಎರಡನ್ನೂ ಸ್ವಲ್ಪ ಬರೆದಿಡಿ ಎಂದು ಕೇಳಿಕೊಂಡಿದ್ದೆ. ಅವರು ಕಾರಣ ಕೇಳದೆ, ಹಾಲು ಹಾಕುವವರ ಲೀಟರು, ಫ್ಯಾಟು ಬರೆಯುವ ಪುಸ್ತಕದ ಅಂಚಿನಲ್ಲಿ ಬರೆದು ಸಹಿ ಹಾಕಿದರು. ಐವತ್ತೆಂಟು ನಿಮಿಷ ಇಪ್ಪತ್ತೇಳು ಸೆಕೆಂಡು.

"ಇದು ಲೆಕ್ಕಕ್ಕೆ ಬರುವುದಿಲ್ಲ, ಸರ್ಟಿಫಿಕೇಟ್ ಇಲ್ಲವಲ್ಲ" ಎಂದು ನಮ್ಮನೆಯವರು ಈಗಲೂ ಚುಡಾಯಿಸುತ್ತಾರೆ. ಮೋರಿಗೆ ಸುಣ್ಣ ಬಳಿದವರೇ ಹೀಗೆಂದರೆ ಏನು ಹೇಳುವುದು. ಮ್ಯಾರಥಾನ್ ಹಳ್ಳಿಯ ಮೇಷ್ಟ್ರ ಸಹಿಯ ಕಥೆ ಹೇಳಿದೆ. "ಅದೂ ಬರುವುದಿಲ್ಲ" ಎಂದರು. ಅತ್ತೆ ಮಾತ್ರ ಕೊತ್ತಂಬರಿ ಸೋಸುತ್ತಾ, "ಡೈರಿ ಪುಸ್ತಕದಲ್ಲಿ ಬರೆದದ್ದಕ್ಕೆ ದುಡ್ಡು ಕೊಡ್ತಾರೆ ಹೌದನಾ? ಹಾಗಾದ್ರೆ ಅದು ಲೆಕ್ಕವೇ" ಎಂದರು. ವಾದ ಇನ್ನೂ ಮುಗಿದಿಲ್ಲ. ಮಳೆ ಬಿಟ್ಟ ಮೇಲೆ ಆ ಸುಣ್ಣದ ಗುರುತನ್ನು ಮತ್ತೆ ಬಳಿಯಬೇಕು.